ಗಾಂಧಿ ಬಜಾರಿನ ಸಭೆಗೆ ಹೂವಿನವರನ್ನೂ ಕರೆಯಿರಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರ್ ಮುಖ್ಯರಸ್ತೆಯಲ್ಲಿ ಹೂವು, ಹಣ್ಣು, ತರಕಾರಿ ಮಾರುವವರನ್ನು ಇನ್ನು ಮುಂದೆ ಎಲ್ಲಿ ಕೂರಿಸಬೇಕು ಅಂತ ಕಳೆದ ಭಾನುವಾರ ನಮ್ಮ ಬಡಾವಣೆಯವರೆಲ್ಲ ಸೇರಿ ವಾದ ಮಾಡಿದೆವು. ಅಂಗಡಿ ಮಾಲೀಕರು ಬಂದಿದ್ದರು. ಅಪಾರ್ಟ್‌ಮೆಂಟಿನವರು ಬಂದಿದ್ದರು. ಬೆಳಗಿನ ವಾಕಿಂಗ್ ಬಳಗದವರಂತೂ ಎಲ್ಲರಿಗಿಂತ ಮೊದಲೇ ಬಂದು ಫ್ಯಾನಿನ ಕೆಳಗಿನ ಕುರ್ಚಿ ಹಿಡಿದಿದ್ದರು. ಆದರೆ ಹೂವಿನವರು, ತರಕಾರಿಯವರು ಒಬ್ಬರೂ ಇರಲಿಲ್ಲ. ಯಾಕೆ ಅಂತ ಕೇಳಿದೆ. "ಅವರದ್ದು ಬೇರೆ ಸಭೆ ಮಾಡೋಣ ಮೇಡಂ" ಅಂದರು. ಆ ಬೇರೆ ಸಭೆ ಯಾವತ್ತು ಅಂತ ವೇದಿಕೆ ಮೇಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ಪತ್ರ.

ನಾನು ಮದುವೆಯಾಗಿ ಬಸವನಗುಡಿಗೆ ಬಂದಿದ್ದು 1978ರಲ್ಲಿ. ಡಿ.ವಿ.ಜಿ. ರಸ್ತೆಯ ಹಿಂದಿನ ಕ್ರಾಸಿನಲ್ಲಿ ಮನೆ. ಅಂಚೆ ಇಲಾಖೆಯಲ್ಲಿ ಕೌಂಟರ್ ನೋಡಿಕೊಂಡಿದ್ದು ನಿವೃತ್ತಳಾದವಳು. ಜನ ಸಾಲಿನಲ್ಲಿ ನಿಂತಾಗ ಯಾರು ಗಟ್ಟಿಯಾಗಿ ಮಾತಾಡುತ್ತಾರೆ, ಯಾರು ಸುಮ್ಮನೆ ನಿಂತಿರುತ್ತಾರೆ ಅನ್ನೋದು ನನಗೆ ಸ್ವಲ್ಪ ಗೊತ್ತು.

ಬೇರೆ ಕಡೆಯ ಓದುಗರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ಗಾಂಧಿ ಬಜಾರನ್ನು ನಡೆದಾಡುವವರ ಬೀದಿ ಮಾಡುತ್ತೇವೆ ಅಂತ ಕೆಲವು ವರ್ಷಗಳ ಹಿಂದೆ ಇಡೀ ರಸ್ತೆ ಅಗೆದರು. ಕೆಲಸ ಹೇಳಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಧೂಳು, ಗುಂಡಿ, ಅಡ್ಡ ಹಾಕಿದ ಹಲಗೆಗಳ ನಡುವೆ ವ್ಯಾಪಾರ ಬಿದ್ದುಹೋಯಿತು. ಕೊನೆಗೆ ಫುಟ್‌ಪಾತ್ ಅಗಲವಾಯಿತು, ವಾಹನ ಓಡುವ ಜಾಗ ಕಿರಿದಾಯಿತು. ಈಗ ಆ ಅಗಲದ ಫುಟ್‌ಪಾತ್ ಯಾರದ್ದು ಅನ್ನೋದೇ ಜಗಳ.

ಸಭೆಯಲ್ಲಿ ಬಂದ ಮಾತುಗಳು ಹೀಗಿದ್ದವು. ಬಟ್ಟೆ ಅಂಗಡಿಯ ಯಜಮಾನರೊಬ್ಬರು, "ಗಿರಾಕಿ ಕಾರ್ ನಿಲ್ಲಿಸೋಕೆ ಜಾಗ ಸಿಗದೆ ಜಯನಗರಕ್ಕೆ ಹೋಗ್ತಿದಾರೆ, ಪಾರ್ಕಿಂಗ್ ವಾಪಸ್ ಕೊಡಿ" ಅಂದರು. ವಾಕಿಂಗ್ ಬಳಗದ ಹಿರಿಯರು, ಫುಟ್‌ಪಾತ್ ಇರೋದು ನಡೆಯೋಕೆ, ಅಲ್ಲಿ ಯಾರೂ ಕೂರಬಾರದು ಅಂತ ಹೇಳಿದರು. ಹೊಸದಾಗಿ ಬಂದ ಅಪಾರ್ಟ್‌ಮೆಂಟಿನ ಹುಡುಗನೊಬ್ಬ ಎಂ.ಜಿ. ರಸ್ತೆ ಪಕ್ಕದ ಚರ್ಚ್ ಸ್ಟ್ರೀಟ್ ಉದಾಹರಣೆ ಕೊಟ್ಟ. ಅಲ್ಲಿಯ ಹಾಗೆ ಇಲ್ಲೂ ಹೋಟೆಲಿನವರು ಹೊರಗೆ ಟೇಬಲ್ ಹಾಕಲಿ, ವಾರದ ಕೊನೆಗೆ ವಾಹನ ಬಿಡದಿರಲಿ ಅಂದ. ಹುಡುಗ ಒಳ್ಳೆಯವನೇ. ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನ ಬಿಡದೆ ನೋಡಿದ್ದು ನಿಜ. ಆದರೆ ಚರ್ಚ್ ಸ್ಟ್ರೀಟಿಗೆ ಜನ ಸಂಜೆ ಕಳೆಯೋಕೆ ಹೋಗುತ್ತಾರೆ. ಗಾಂಧಿ ಬಜಾರಿಗೆ ನಾವು ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತರೋಕೆ ಹೋಗುತ್ತೇವೆ. ಎರಡೂ ಒಂದೇ ಲೆಕ್ಕ ಅಲ್ಲ, ಅಲ್ವಾ?

ಕೊನೆಗೆ ಎಲ್ಲರಿಗೂ ಹಿಡಿಸಿದ್ದು ಒಂದೇ ಮಾತು. ಒಂದು ಕಟ್ಟಡ ಕಟ್ಟಿ, ಬೀದಿ ವ್ಯಾಪಾರಿಗಳನ್ನೆಲ್ಲ ಒಂದು ಮಹಡಿಗೆ ಹಾಕಿಬಿಡೋಣ. ಕೆಳಗೆ ಪಾರ್ಕಿಂಗ್. ಜೋರಾಗಿ ಚಪ್ಪಾಳೆ ಬಿತ್ತು.

ಮಾರನೇ ದಿನ ನಾನು ಹೂವು ತಗೊಳ್ಳುವ ಹೆಂಗಸಿಗೆ ಈ ವಿಷಯ ಹೇಳಿದೆ. ಆಕೆಯ ಅತ್ತೆ ಇದ್ದಾಗಿನಿಂದ ಅದೇ ಜಾಗದಲ್ಲಿ ಬುಟ್ಟಿ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂವು ಕೆ.ಜಿ. ಲೆಕ್ಕದಲ್ಲಿ ತಂದು, ನಾಲ್ಕೈದು ಜನ ಸೇರಿ ಆಟೊ ಮಾಡಿಕೊಂಡು ಬರುತ್ತಾರೆ. ಕೂತು ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಕೈ ನಿಲ್ಲಿಸದೆಯೇ ಆಕೆ ಹೇಳಿದ್ದು ಇಷ್ಟು: "ಹೂವು ಹುಡುಕ್ಕೊಂಡು ಯಾರು ಮಹಡಿ ಹತ್ತುತಾರಮ್ಮ? ಕಣ್ಣಿಗೆ ಬಿದ್ರೆ ತಗೊಂತಾರೆ. ಇಲ್ದಿದ್ರೆ ಇಲ್ಲ. ಸಾಯಂಕಾಲಕ್ಕೆ ಬಾಡಿದ್ದು ಕಸವೇ."

ಇದರಲ್ಲಿ ಇಡೀ ವ್ಯಾಪಾರ ಇದೆ. ನಾವು ರೇಷ್ಮೆ ಸೀರೆ ಬೇಕು ಅಂತ ನಿರ್ಧಾರ ಮಾಡಿ ಮನೆಯಿಂದ ಹೊರಡುತ್ತೇವೆ. ಕಾಕಡ ಒಂದು ಮೊಳ ಬೇಕು ಅಂತ ಹೊರಡೋದಿಲ್ಲ. ಹೋಗ್ತಾ ಕಣ್ಣಿಗೆ ಬಿದ್ದರೆ ತಗೊಳ್ಳುತ್ತೇವೆ. ಡಿಸೆಂಬರಿನಲ್ಲಿ ಸೊಗಡಿನ ಅವರೆಕಾಯಿ ರಾಶಿ ಕಂಡರೆ ಮನೆಯಲ್ಲಿ ತರಕಾರಿ ಇದ್ದರೂ ಒಂದು ಕೆ.ಜಿ. ಕಟ್ಟಿಸಿಕೊಳ್ಳುತ್ತೇವೆ. ಹಾಗೆ ಬಂದವರೇ ಪಕ್ಕದ ಗ್ರಂದಿಗೆ ಅಂಗಡಿಗೆ ಹೋಗಿ ಅರಿಶಿನ ಕುಂಕುಮ, ಕರ್ಪೂರ ತಗೊಂಡು, ಎದುರಿಗೆ ಹುರಿಗಾಳು ಕಟ್ಟಿಸಿಕೊಂಡು, ಕಾಲು ನೋವು ಅಂತ ಕಾಫಿಗೆ ನುಗ್ಗುತ್ತಾರೆ. ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ಹೆಸರು ಬರೆಸಿ ಕಾಯುವವರು ಆ ಅರ್ಧ ಗಂಟೆಯಲ್ಲಿ ಏನೇನು ಕೊಳ್ಳುತ್ತಾರೆ ಅಂತ ಯಾರಾದರೂ ನೋಡಲಿ. ಹೂವಿನವರನ್ನು ಒಳಗೆ ಹಾಕಿದರೆ ಮೊದಲು ಖಾಲಿ ಹೊಡೆಯುವುದು ಚಪ್ಪಾಳೆ ತಟ್ಟಿದ ಅಂಗಡಿಯವರ ಮೆಟ್ಟಿಲೇ.

ಇನ್ನೊಂದು ವಿಷಯ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ರಾತ್ರಿ ಮೂಟೆ, ತಕ್ಕಡಿ ಇಡೋಕೆ ಜಾಗ ಕೊಟ್ಟು, ಸಂಜೆ ಬಲ್ಬಿಗೆ ಕರೆಂಟು ಕೊಟ್ಟು ವ್ಯಾಪಾರಿಗಳಿಂದ ದುಡ್ಡು ತಗೊಳ್ಳುವ ಅಂಗಡಿಯವರೂ ನಮ್ಮಲ್ಲಿ ಇದ್ದಾರೆ. ತಪ್ಪು ಅಂತ ಹೇಳುತ್ತಿಲ್ಲ. ಬೀದಿಯಲ್ಲಿ ಒಬ್ಬರಿಗೊಬ್ಬರು ಹೀಗೇ ಬದುಕೋದು. ಆದರೆ ಭಾನುವಾರ ಮೈಕ್ ಸಿಕ್ಕಾಗ "ಒತ್ತುವರಿದಾರರು" ಅಂತ ಕರೆಯೋದು, ಸೋಮವಾರ ಬಲ್ಬಿನ ದುಡ್ಡು ಎಣಿಸೋದು ನನಗೆ ಸರಿ ಕಾಣಲಿಲ್ಲ.

ಈಗ ಕಾನೂನಿನ ಮಾತು. ನಾನು ವಕೀಲೆ ಅಲ್ಲ. ಆದರೆ ಸರ್ಕಾರಿ ಕಾಗದ ಓದೋದು ಅಭ್ಯಾಸ ಇದೆ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯನ್ನು ಸಂಸತ್ತು 2014ರಲ್ಲೇ ಮಾಡಿದೆ. ಎಲ್ಲಿ ಮಾರಬಹುದು, ಎಲ್ಲಿ ಮಾರಬಾರದು ಅಂತ ಗೊತ್ತು ಮಾಡುವಾಗ ಪಟ್ಟಣ ವ್ಯಾಪಾರ ಸಮಿತಿಯನ್ನು ಕೇಳಲೇಬೇಕು. ಆ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರೊಳಗೆ ಮೂರರಲ್ಲಿ ಒಂದು ಪಾಲು ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಸಿಗುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಜಾಗ ಬದಲಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಇಷ್ಟು ತುಂಬಾ ಜನಕ್ಕೆ ಗೊತ್ತು.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಇದೆ. ಕೊಳ್ಳುವವರು, ಮಾರುವವರು ಹಿಂದಿನಿಂದ ತಾವಾಗಿಯೇ ಸೇರುತ್ತಾ ಬಂದ ಮಾರುಕಟ್ಟೆಯಲ್ಲಿ 50 ವರ್ಷ ಮೀರಿ ಬೀದಿ ವ್ಯಾಪಾರ ನಡೆದಿದ್ದರೆ ಅದನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿಯ ವ್ಯಾಪಾರಿಗಳನ್ನು ಬೇರೆ ಕಡೆಗೆ ಕಳಿಸಬಾರದು ಅಂತ ಅಲ್ಲಿ ಬರೆದಿದೆ. ಗಾಂಧಿ ಬಜಾರಿಗೆ 50 ವರ್ಷ ಆಗಿಲ್ಲ ಅಂತ ಬಸವನಗುಡಿಯಲ್ಲಿ ಯಾರು ಹೇಳುತ್ತಾರೆ? ನಾನು ಬಂದಾಗಲೇ ನನ್ನ ಅತ್ತೆ "ಆ ಮುದುಕಿ ಹತ್ರ ತಗೋ, ಮೊಳ ಗಟ್ಟಿ ಹಾಕ್ತಾಳೆ" ಅಂತ ತೋರಿಸಿಕೊಟ್ಟಿದ್ದರು. ಹಾಗಿದ್ದ ಮೇಲೆ ಮಹಡಿ ಕಟ್ಟಡದ ಮಾತೇ ಏಳಬಾರದು. ಮೊದಲು ಘೋಷಣೆ ಆಗಬೇಕು. ಆಮೇಲೆ ಹೇಗೆ ಅಚ್ಚುಕಟ್ಟು ಮಾಡೋದು ಅಂತ ಕೂತು ಮಾತಾಡಬೇಕು.

ಅಚ್ಚುಕಟ್ಟು ಬೇಡವೇ ಅಂದರೆ, ಖಂಡಿತ ಬೇಕು. ವಾಕಿಂಗ್ ಬಳಗದವರ ಕಷ್ಟ ಸುಳ್ಳಲ್ಲ. ನನ್ನ ಯಜಮಾನರು ಮಂಡಿ ಆಪರೇಷನ್ ಆದ ಮೇಲೆ ವಾಕರ್ ಹಿಡಿದು ನಡೆಯುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅವರನ್ನು ಬಜಾರಿಗೆ ಕರೆದುಕೊಂಡು ಹೋಗೋಕೆ ಆಗೋದೇ ಇಲ್ಲ. ಬಾಳೆಕಂದು, ಮಾವಿನ ಸೊಪ್ಪು, ತಾವರೆ, ಡೇರೆ ಹೂವು, ಎಲ್ಲ ಕಾಲ ಕೆಳಗೇ. ಆದರೆ ಹಬ್ಬದ ಆ ಎರಡು ದಿನ ಮಾರೋಕೆ ಬರುವವರು ಜಾಸ್ತಿ ಹೊರಗಿನವರು. ವರ್ಷಪೂರ್ತಿ ಕೂರುವವರಿಗೂ ಅವರ ಮೇಲೆ ಸಿಟ್ಟಿದೆ. ಹಬ್ಬದ ವ್ಯಾಪಾರಕ್ಕೆ ಪಕ್ಕದ ಒಂದು ಅಡ್ಡರಸ್ತೆಯನ್ನು ಎರಡು ದಿನ ವಾಹನ ಬಿಡದೆ ಬಿಟ್ಟುಕೊಟ್ಟರೆ ಆಯಿತು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಯನ್ನೇ ಬಿಟ್ಟುಕೊಡುವ ಊರು ನಮ್ಮದು. ನಮಗೆ ಇದು ಹೊಸದೇನಲ್ಲ.

ಉಳಿದ ದಿನಗಳಲ್ಲಿ ದಾರಿಗೆ ಅಡ್ಡ ನಿಲ್ಲುವುದು ಯಾವುದು ಅಂತ ಒಂದು ಸಲ ಸರಿಯಾಗಿ ನೋಡಿ. ಬುಟ್ಟಿಯಲ್ಲ, ಸ್ಕೂಟರ್. ಅಗಲ ಮಾಡಿದ ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿ ಹೋಗುತ್ತಾರೆ. ಅಂಗಡಿಯವರು ಹೊರಗಿಡುವ ಗೊಂಬೆ, ಬೋರ್ಡು, ಡಬ್ಬ ಬೇರೆ. ಬುಟ್ಟಿಯವಳು "ಸ್ವಲ್ಪ ಸರಿಯಮ್ಮ" ಅಂದರೆ ಸರಿಯುತ್ತಾಳೆ. ಸ್ಕೂಟರ್ ಸರಿಯುತ್ತದೆಯೇ?

ಫುಟ್‌ಪಾತಿನಲ್ಲಿ ನಡೆಯೋಕೆ ಎಷ್ಟೇ ಕಡಿಮೆ ಅಂದರೂ 1.8 ಮೀಟರ್ ಪೂರ್ತಿ ಖಾಲಿ ಇರಬೇಕು ಅಂತ, ದೇಶದ ರಸ್ತೆಗಳಿಗೆ ಮಾನದಂಡ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅಂದರೆ ಸುಮಾರು ಆರು ಅಡಿ. ಅಂಗಡಿ ಬೀದಿಯಾದರೆ ಇನ್ನೂ ಜಾಸ್ತಿ. ಒಂದು ಗೆರೆ ಎಳೆಯಿರಿ. ಗೆರೆಯ ಈಚೆ ನಡೆಯುವವರು, ಆಚೆ ಕೂರುವವರು. ಗೆರೆ ದಾಟಿದವರಿಗೆ ದಂಡ ಹಾಕಿ, ಬುಟ್ಟಿಯಾಗಲಿ, ಬೊಂಬೆಯಾಗಲಿ, ಸ್ಕೂಟರಾಗಲಿ. ಬಟ್ಟೆ ಅಂಗಡಿ ಯಜಮಾನರ ಪಾರ್ಕಿಂಗ್ ವಿಷಯಕ್ಕೆ ನನ್ನ ಉತ್ತರ ಚಿಕ್ಕದು. ನ್ಯಾಷನಲ್ ಕಾಲೇಜ್ ಮೆಟ್ರೊ ಸ್ಟೇಷನ್‌ನಿಂದ ಬಜಾರಿಗೆ ನಡೆದೇ ಬರಬಹುದು. ಅವರ ಅಂಗಡಿಗೆ ಬರುವವರಲ್ಲಿ ಕಾರಿನವರೆಷ್ಟು, ನಡೆದು ಬರುವವರೆಷ್ಟು ಅಂತ ಒಂದು ವಾರ ಬಾಗಿಲಲ್ಲಿ ಒಬ್ಬರನ್ನು ಕೂರಿಸಿ ಬರೆಸಲಿ. ಆ ಲೆಕ್ಕ ಹಿಡಿದುಕೊಂಡು ಬಂದರೆ ನಾನೇ ಅವರ ಪರ ಅರ್ಜಿ ಬರೆದುಕೊಡುತ್ತೇನೆ.

ಇನ್ನು ಶೌಚಾಲಯ. ಇದರ ಬಗ್ಗೆ ಗಂಡಸರು ತುಂಬಿದ ಸಭೆಯಲ್ಲಿ ಮಾತು ಬರೋದೇ ಇಲ್ಲ. ಬೆಳಗಿನಿಂದ ರಾತ್ರಿ ತನಕ ಕೂರುವ ಹೆಂಗಸರು ಎಲ್ಲಿಗೆ ಹೋಗಬೇಕು? ನಮ್ಮ ಹೂವಿನಾಕೆ ಮಧ್ಯಾಹ್ನದ ತನಕ ನೀರೇ ಕುಡಿಯೋದಿಲ್ಲ. ಬೇಸಿಗೆಯಲ್ಲೂ ಅಷ್ಟೇ. ಅಷ್ಟೊಂದು ಕಲ್ಲು ಹಾಸಿ, ಕಂಬ ನೆಟ್ಟ ಬೀದಿಯಲ್ಲಿ ಹೆಂಗಸರಿಗೆ ಚೊಕ್ಕವಾದ, ರಾತ್ರಿ ದೀಪ ಇರುವ ಶೌಚಾಲಯ ಇಲ್ಲದಿದ್ದರೆ ಅಂದಗೊಳಿಸಿ ಏನು ಪ್ರಯೋಜನ? ಬಜಾರಿಗೆ ಬರುವ ನನ್ನ ವಯಸ್ಸಿನವರಿಗೂ ಅದು ಬೇಕು ಅಂತ ಸಂಕೋಚ ಬಿಟ್ಟು ಹೇಳುತ್ತಿದ್ದೇನೆ.

ಜಾಗ ಎಲ್ಲಿ ಅಂತ ಕೇಳಬೇಡಿ. 1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟು ಬಿಟ್ಟು ಗಾಳಿ ಬೆಳಕಿಗೆ ಅಂತ ಜನ ಬಂದು ನೆಲೆಸಿದ ಬಡಾವಣೆ ಇದು. ಮನೆಗಳ ಹಿಂದೆ, ಆಗ ಮಲ ಸಾಗಿಸೋಕೆ ಅಂತ ಬಿಟ್ಟಿದ್ದ ಕನ್ಸರ್ವೆನ್ಸಿ ಗಲ್ಲಿಗಳು ಇವತ್ತಿಗೂ ಇವೆ. ತುಂಬಾ ಕಡೆ ಹಳೇ ಕಮೋಡು, ಇಟ್ಟಿಗೆ ಚೂರು, ಹಾಳು ಫ್ರಿಜ್ಜು ಬಿದ್ದಿರುತ್ತದೆ. ಮಲ್ಲೇಶ್ವರದಲ್ಲಿ ಇಂಥ ಕೆಲವು ಗಲ್ಲಿಗಳನ್ನು ಗುಡಿಸಿ, ಗೋಡೆಗೆ ಚಿತ್ರ ಬರೆದು, ಜನ ಓಡಾಡುವ ಹಾಗೆ ಮಾಡಿದ್ದಾರೆ. ಗಾಂಧಿ ಬಜಾರಿನ ಹತ್ತಿರದ ಒಂದೆರಡು ಗಲ್ಲಿಗಳಲ್ಲಿ ಸ್ಕೂಟರ್ ನಿಲ್ಲಿಸಬಹುದು, ರಾತ್ರಿ ಮೂಟೆ ಇಡೋಕೆ ಬೀಗದ ಪೆಟ್ಟಿಗೆ ಮಾಡಿಕೊಡಬಹುದು. ಅಕ್ಕಪಕ್ಕದ ಮನೆಯವರು ಒಪ್ಪಬೇಕು, ಅದು ಬೇರೆ ಮಾತು. ನಮ್ಮ ಮನೆ ಹಿಂದಿನ ಗಲ್ಲಿಗೆ ನಾನು ಒಪ್ಪಿದ್ದೇನೆ. ಸೊಸೆ ಇನ್ನೂ ಒಪ್ಪಿಲ್ಲ.

ಇಷ್ಟನ್ನೆಲ್ಲ ಯಾರ ಮುಂದೆ ಹೇಳಬೇಕು ಅನ್ನೋದೂ ಒಂದು ತೊಂದರೆ. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೊದಲಾದರೆ ಮನೆ ಮುಂದೆ ಹೋಗಿ ಗಲಾಟೆ ಮಾಡೋಕೆ ಒಬ್ಬರಿದ್ದರು. ಅದಕ್ಕೇ ಹೀಗೆ ನಿವಾಸಿಗಳ ಸಭೆಯೇ ಎಲ್ಲವನ್ನೂ ನಿರ್ಧಾರ ಮಾಡುವ ಹಾಗಾಗಿದೆ. ಅಧಿಕಾರಿಗಳೂ "ನಿವಾಸಿಗಳು ಒಪ್ಪಿದ್ದಾರೆ" ಅಂತ ಬರೆದುಕೊಂಡುಬಿಡುತ್ತಾರೆ. ನಾನೂ ನಿವಾಸಿಯೇ. ನಾನು ಒಪ್ಪಿಲ್ಲ.

ನಿವಾಸಿಗಳ ಸಂಘದವರಿಗೂ ಪಾಲಿಕೆಯವರಿಗೂ ನನ್ನ ಕೇಳಿಕೆ ಇದು. ಗಾಂಧಿ ಬಜಾರನ್ನು ಕಾಯ್ದೆಯ ಪ್ರಕಾರ ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸುತ್ತೀರೋ ಇಲ್ಲವೋ ಅಂತ ಬರಹದಲ್ಲಿ ತಿಳಿಸಿ. ವ್ಯಾಪಾರ ಸಮಿತಿಯಲ್ಲಿ ನಮ್ಮ ಭಾಗದಿಂದ ಯಾರಿದ್ದಾರೆ ಅಂತ ಎಲ್ಲರಿಗೂ ಕಾಣುವ ಹಾಗೆ ಬಜಾರಿನಲ್ಲೇ ಬೋರ್ಡು ಹಾಕಿ. ಮುಂದಿನ ಸಭೆಯನ್ನು ಭಾನುವಾರ ಬೆಳಿಗ್ಗೆ ಇಡಬೇಡಿ, ಅದು ಅವರಿಗೆ ಭರ್ತಿ ವ್ಯಾಪಾರದ ಹೊತ್ತು. ವಾರದ ನಡುವೆ ಯಾವುದಾದರೂ ದಿನ ಮಧ್ಯಾಹ್ನ ಎರಡೂವರೆ ಮೇಲೆ ಇಡಿ. ಆಗ ಬಜಾರು ತಣ್ಣಗಿರುತ್ತದೆ, ಒಬ್ಬರ ಬುಟ್ಟಿ ಇನ್ನೊಬ್ಬರು ನೋಡಿಕೊಂಡು ಬರಬಹುದು. ಹಾಲ್ ಬೇಡ, ಕೃಷ್ಣರಾವ್ ಪಾರ್ಕಿನಲ್ಲೇ ಸೇರಬಹುದು. ಕುರ್ಚಿ ಸಾಲದಿದ್ದರೆ ನಮ್ಮ ಮನೆಯಲ್ಲಿ ಆರು ಇವೆ.

ಇಂತಿ,
ಡಿ.ವಿ.ಜಿ. ರಸ್ತೆ ಹಿಂದಿನ ಕ್ರಾಸಿನ ನಿವಾಸಿ, ನಿವೃತ್ತ ಅಂಚೆ ನೌಕರಳು
ಬಸವನಗುಡಿ, ಬೆಂಗಳೂರು