ದೇಣಿಗೆ ಪುಸ್ತಕವೂ ಇತಿಹಾಸವೇ

ಮಾನ್ಯ ಸಂಪಾದಕರೇ,

ಸಮುದಾಯ ಕಲಾ ಕೇಂದ್ರಗಳ ಇತಿಹಾಸವನ್ನು ಉದ್ಘಾಟಿಸಿದ ಗಣ್ಯರ ಪಟ್ಟಿಯಂತೆ ಬರೆಯುವ ರೂಢಿ ಬದಲಾಗಬೇಕು. ಷಿಕಾಗೊದ ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರನ್ನು 1941ರಲ್ಲಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಲೋಕಾರ್ಪಣೆ ಮಾಡಿದ್ದು ಎಲ್ಲರಿಗೂ ನೆನಪಿದೆ. ಆದರೆ ಅಮೆರಿಕ ಸರ್ಕಾರದ ಕಲಾ ಯೋಜನೆಯ ನೆರವಿನಿಂದ ಹುಟ್ಟಿದ ನೂರರಷ್ಟು ಕೇಂದ್ರಗಳಲ್ಲಿ ಹೆಚ್ಚಿನವು, 1943ರಲ್ಲಿ ಆ ಯೋಜನೆ ನಿಂತ ಮೇಲೆ ಒಂದೊಂದಾಗಿ ಬಾಗಿಲು ಹಾಕಿದರೂ, ಇದು ಮೂಲ ಕಟ್ಟಡದಲ್ಲಿಯೇ ಉಳಿದುಕೊಂಡಿದ್ದರೆ, ಅದಕ್ಕೆ ಕಾರಣ ಆ ಕಟ್ಟಡ ಕೊಳ್ಳಲು ಬೀದಿಯಲ್ಲಿ ನಿಂತು ಹತ್ತು ಸೆಂಟಿನ ನಾಣ್ಯಗಳನ್ನು ಕೂಡಿಸಿದ ಮಾರ್ಗರೆಟ್ ಬರೋಸ್ ಅವರಂಥ ಯುವ ಕಲಾವಿದರು ಮತ್ತು ಅಲ್ಲಿನ ಕಪ್ಪು ಸಮುದಾಯದ ಸಾಮಾನ್ಯ ನಿವಾಸಿಗಳು. ದಶಕಗಟ್ಟಲೆ ಚಿತ್ರ ತೂಗುಹಾಕಿದ ಮೊಳೆಗಳ ತೂತುಗಳಿರುವ ಮರದ ಗೋಡೆ ಆ ಗ್ಯಾಲರಿಯ ಗುರುತೇ ಆಗಿದೆ. (ನವೀಕರಣವೆಂದರೆ ಮೊದಲು ಇಂಥ ಗುರುತುಗಳಿಗೇ ಬಣ್ಣ ಬಳಿಯುವವರು ಇದನ್ನು ಗಮನಿಸಬೇಕು.)

ಗಣ್ಯರ ಭಾಷಣಗಳು ಪತ್ರಿಕೆಗಳಲ್ಲಿ ಹೇಗೂ ಉಳಿಯುತ್ತವೆ. ಚಂದಾ ರಸೀದಿ, ತರಗತಿಗಳ ಹಾಜರಿ ಪುಸ್ತಕ, ಪ್ರದರ್ಶನದ ಕರಪತ್ರಗಳು ರದ್ದಿಗೆ ಹೋದರೆ ಮರಳಿ ಸಿಗುವುದಿಲ್ಲ. ಆದ್ದರಿಂದ ಪ್ರತಿ ಕಲಾ ಕೇಂದ್ರವೂ ಇವನ್ನು ವರ್ಷವಾರು ಜೋಡಿಸಿ, ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸಬೇಕು. ಹಿರಿಯ ಸದಸ್ಯರ ನೆನಪುಗಳನ್ನು ಅವರಿರುವಾಗಲೇ ಧ್ವನಿಮುದ್ರಿಸಿಕೊಳ್ಳಬೇಕು.