ನಿನ್ನ ನೆನಪಿಗೆ ನೀನೇ ಹಾಕಿದ ಅಂಕ

ಪ್ರೀತಿಯ ಗೆಳೆಯಾ,

ಭಾನುವಾರ ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಹೇಳಬೇಕಾದದ್ದು ಆಗ ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ವಯಸ್ಸಿನ ಬೇರೆಯವರೂ ಓದಲಿ ಅಂದಾಗ ನೀನು ಒಪ್ಪಿದೆಯಲ್ಲ, ಆ ಧೈರ್ಯದ ಮೇಲೆ ಎಲ್ಲರ ಮುಂದೆ ಇಡುತ್ತಿದ್ದೇನೆ.

ಅವತ್ತು ನೀನು ನಮ್ಮ ಗಣಿತದ ಮೇಷ್ಟ್ರ ಸುದ್ದಿ ತೆಗೆದೆ. ಅವರು ಎಡಗೈಯಲ್ಲಿ ಬರೆಯುತ್ತಿದ್ದದ್ದು, ಅಂಗಿ ತೋಳಿನ ಅಂಚಿಗೆ ಸದಾ ಮೆತ್ತಿಕೊಂಡಿರುತ್ತಿದ್ದ ಸೀಮೆಸುಣ್ಣದ ಪುಡಿ, ಲೆಕ್ಕ ತಪ್ಪಿದರೆ ಬೈಯದೆ ಕನ್ನಡಕ ತೆಗೆದು ಒರೆಸುತ್ತಾ ನಿಂತುಬಿಡುತ್ತಿದ್ದದ್ದು, ಎಲ್ಲ ಹೇಳಿದೆ. ನನಗೆ ಆ ತೋಳಿನ ಪುಡಿ ಮರೆತೇ ಹೋಗಿತ್ತು. ಹೆಸರು ಮಾತ್ರ ನಿನಗೆ ಬರಲಿಲ್ಲ. "ಮೂರಕ್ಷರ ಕಣೋ, ಮಧ್ಯೆ ಒಂದು ಒತ್ತಿದೆ" ಎಂದು ತಡಕಾಡಿದೆ. ಆಮೇಲೆ ದನಿ ತಗ್ಗಿಸಿ, "ನಂದು ಮುಗೀತು ಅನ್ನಿಸುತ್ತೆ" ಅಂದುಬಿಟ್ಟೆ. ರಾತ್ರಿ ಹನ್ನೊಂದಕ್ಕೆ ನಿನ್ನ ಮೆಸೇಜ್ ಬಂತು. ಬರೀ ಹೆಸರು. ಮೂರೇ ಅಕ್ಷರ, ಮಧ್ಯೆ ಒತ್ತು.

ಆ "ಮುಗೀತು" ಅನ್ನೋ ಮಾತು ನನ್ನನ್ನು ಕಾಡುತ್ತಿದೆ. ಹೆಸರು ಎಲ್ಲೂ ಹೋಗಿರಲಿಲ್ಲ. ಅದರ ಆಕಾರ ನಿನ್ನ ಕೈಯಲ್ಲೇ ಇತ್ತು. ನಾಲಿಗೆ ತುದಿಯಲ್ಲಿದೆ ಅಂತೀವಲ್ಲ, ಅದನ್ನು ಬ್ರೌನ್ ಮತ್ತು ಮೆಕ್‌ನೀಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1966ರಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಪದ ಬಾಯಿಗೆ ಬರದಿದ್ದಾಗಲೂ ಅದರ ಮೊದಲ ಅಕ್ಷರ ಯಾವುದು, ಪದ ಎಷ್ಟು ಉದ್ದ ಅನ್ನೋದನ್ನು ಜನ ಎಷ್ಟೋ ಸಲ ಸರಿಯಾಗಿ ಹೇಳುತ್ತಿದ್ದರು. ಅವರು ಪರೀಕ್ಷಿಸಿದ್ದು ಕಾಲೇಜು ಹುಡುಗರನ್ನು, ಮುದುಕರನ್ನಲ್ಲ. ವಯಸ್ಸಾದ ಮೇಲೆ ಇದು ಜಾಸ್ತಿಯಾಗುತ್ತದೆ, ಅದರಲ್ಲೂ ಜನರ ಹೆಸರುಗಳಲ್ಲಿ. ಅದು ನಿಜ. 1991ರಲ್ಲಿ ಡೆಬೊರಾ ಬರ್ಕ್ ಎಂಬ ಸಂಶೋಧಕಿ ಮತ್ತು ಜೊತೆಗಾರರು ಬೇರೆ ಬೇರೆ ವಯಸ್ಸಿನವರಿಂದ ಹೀಗೆ ಸಿಕ್ಕಿಹಾಕಿಕೊಂಡ ಪದಗಳ ಡೈರಿ ಬರೆಸಿದಾಗ ಇದೇ ಕಂಡದ್ದು. ಆದರೆ ಹಾಗೆ ಸಿಕ್ಕಿಹಾಕಿಕೊಂಡ ಪದಗಳು ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಸಿಕ್ಕಿವೆ, ನಿನ್ನ ಹನ್ನೊಂದು ಗಂಟೆಯ ಹೆಸರಿನ ಹಾಗೆ.

ಹೆಸರೇ ಯಾಕೆ ಜಾರುತ್ತದೆ ಗೊತ್ತಾ? ಒಬ್ಬರು ಮೇಷ್ಟ್ರು ಅಂದರೆ ಬೋರ್ಡು, ಸೀಮೆಸುಣ್ಣ, ಪರೀಕ್ಷೆ, ಭಯ, ಪ್ರೀತಿ ಎಲ್ಲ ಒಟ್ಟಿಗೆ ಬರುತ್ತವೆ. ಹಿಡಿಯಲು ಹತ್ತು ಎಳೆ. ಹೆಸರಿಗೆ ಇರುವುದು ಒಂದೇ ಎಳೆ. ಅದು ಸಡಿಲವಾದರೆ ಬೇರೆ ದಾರಿಯಿಂದ ತಲುಪುವುದು ಕಷ್ಟ.

ನಮ್ಮ ನೆನಪು ಎಷ್ಟು ಚೆನ್ನಾಗಿದೆ ಅಂತ ನಮಗನ್ನಿಸುವುದೇ ಒಂದು, ನೆನಪು ಇರುವುದೇ ಇನ್ನೊಂದು. ವಯಸ್ಸಾದವರಿಗೆ ನಿಮ್ಮ ನೆನಪಿಗೆ ನೀವೇ ಅಂಕ ಹಾಕಿ ಅಂತ ಹೇಳಿ, ಆಮೇಲೆ ಪರೀಕ್ಷೆ ಮಾಡಿದರೆ ಎರಡೂ ಅಷ್ಟಾಗಿ ಹೊಂದುವುದಿಲ್ಲ. ಈ ವಿಷಯದಲ್ಲಿ ಎಷ್ಟೋ ಸಂಶೋಧನೆಗಳು ನಡೆದಿವೆ. ಅವರು ಹಾಕಿಕೊಳ್ಳುವ ಅಂಕ ಹೆಚ್ಚಾಗಿ ಹೊಂದುವುದು ಮನಸ್ಸಿನ ಸ್ಥಿತಿಗೆ. ಮನಸ್ಸು ಕುಗ್ಗಿದಾಗ, ಆತಂಕ ಇದ್ದಾಗ, ಕಡಿಮೆ ಹಾಕಿಕೊಳ್ಳುತ್ತಾರೆ. ಇದನ್ನು ನಿನಗೆ ಹೇಗೆ ಹೇಳಲಿ ಅಂತ ಮೂರು ದಿನ ಯೋಚಿಸಿದೆ. ನಿನ್ನಾಕೆ ಹೋಗಿ ಇನ್ನೂ ಒಂದು ವರ್ಷ ತುಂಬಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ ಅಂತ ನೀನೇ ಹೇಳುತ್ತೀಯ. ಮರೆವು ಶುರುವಾಗಿದ್ದು ಯಾವಾಗಿಂದ ಅಂತ ಲೆಕ್ಕ ಹಾಕಿ ನೋಡು. ನಿದ್ದೆಗೆಟ್ಟ ತಲೆಯಲ್ಲಿ ಹೊಸದು ನಿಲ್ಲುವುದಾದರೂ ಹೇಗೆ?

ಇನ್ನೊಂದು ಅನ್ಯಾಯ ಇದೆ. ಮೊನ್ನೆ ನನ್ನ ಮಗ ಬೀಗದಕೈ ಮರೆತು ಬಾಗಿಲಿಂದ ವಾಪಸ್ ಬಂದ. "ತಲೆ ತುಂಬಾ ಕೆಲಸ" ಅಂದ, ಎಲ್ಲರೂ ಹೌದು ಅಂದರು. ಅದೇ ಸಂಜೆ ನಾನು ಕನ್ನಡಕ ಎಲ್ಲಿಟ್ಟೆ ಅಂತ ಕೇಳಿದೆ. ಮಗ, ಸೊಸೆ ಮುಖಮುಖ ನೋಡಿಕೊಂಡರು. ಅದನ್ನು ಕಂಡ ಮೇಲೆ ಇಡೀ ಸಂಜೆ ನನಗೆ ಒಂದೂ ಸರಿಯಾಗಿ ನೆನಪಾಗಲಿಲ್ಲ. ಇದು ಬರೀ ನನ್ನ ಅನಿಸಿಕೆ ಅಲ್ಲ. ಬೆಕಾ ಲೆವಿ ಎಂಬ ಮನಶ್ಶಾಸ್ತ್ರಜ್ಞೆ 1996ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮುಪ್ಪಿನ ಬಗ್ಗೆ ಕೆಟ್ಟದಾಗಿ ಹೇಳುವ ಪದಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಓದಲೂ ಆಗದಷ್ಟು ಬೇಗ ಮಿಂಚಿಸಿದರು. ಅವನ್ನು ಕಂಡ ಹಿರಿಯರು ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಒಳ್ಳೆಯ ಪದ ಕಂಡವರು ಚೆನ್ನಾಗಿ ಮಾಡಿದರು. ಹಾಗಿದ್ದ ಮೇಲೆ ದಿನಾ ನಿನಗೆ ನೀನೇ "ಮುಗೀತು" ಅಂದುಕೊಂಡರೆ ಏನಾಗಬಹುದು, ನೀನೇ ಹೇಳು.

ಹಾಗಂತ ನಿನ್ನ ಭಯವನ್ನು ನಾನು ತಳ್ಳಿಹಾಕುತ್ತಿಲ್ಲ. ಮರೆವು ಜಾಸ್ತಿಯಾಗಿದೆ ಅನ್ನಿಸುವವರಲ್ಲಿ ಕೆಲವರಿಗೆ ಮುಂದೆ ನಿಜವಾದ ತೊಂದರೆ ಕಾಣಿಸಿಕೊಳ್ಳುವುದುಂಟು. ದಿನಾ ಓಡಾಡುವ ದಾರಿಯೇ ತಪ್ಪುವುದು, ಕೇಳಿದ್ದನ್ನೇ ಕೇಳುತ್ತಿದ್ದೇನೆ ಅಂತ ಗೊತ್ತೇ ಆಗದಿರುವುದು, ವರ್ಷಗಟ್ಟಲೆ ಮಾಡಿದ ಲೆಕ್ಕಪತ್ರ ಕೈಗೆ ಹತ್ತದಿರುವುದು ಬೇರೆ ಜಾತಿಯ ಮರೆವು. ಅಂಥದ್ದು ಎಷ್ಟೋ ಸಲ ಅವರಿಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಮಗಳನ್ನು ಕೇಳು. ಅವಳಿಂದ ಮುಚ್ಚಿಡಬೇಡ. ಡಾಕ್ಟರ ಹತ್ತಿರ ಹೋಗುವಾಗ ತಿನ್ನುವ ಮಾತ್ರೆಗಳನ್ನೆಲ್ಲ ತಗೊಂಡು ಹೋಗು. ಕೆಲವು ಮಾತ್ರೆಗಳೇ ತಲೆಗೆ ಮಂಕು ಕವಿಸುತ್ತವೆ. ಬಿ12 ವಿಟಮಿನ್ ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಕಿವಿಯನ್ನೂ ತೋರಿಸು. ಸರಿಯಾಗಿ ಕೇಳಿಸದ್ದು ನೆನಪಿನಲ್ಲಿ ಉಳಿಯುವುದಿಲ್ಲ, ಅಲ್ವಾ?

ಒಂದು ಮಾತು ಕೇಳಿ ಮಾತ್ರ ನನಗೆ ನಿಜವಾಗಿ ಸಂಕಟವಾಯಿತು. ಚೆಸ್ ಆಡುವುದನ್ನು ಬಿಟ್ಟೆ ಅಂದೆಯಲ್ಲ, "ತಪ್ಪು ನಡೆ ಇಟ್ಟು ಮರ್ಯಾದೆ ಯಾಕೆ ಕಳೆದುಕೊಳ್ಳಲಿ" ಅಂತ. ಹೆಸರು ಮರೆತರೆ ರಾತ್ರಿಯಾದರೂ ವಾಪಸ್ ಬರುತ್ತದೆ. ಬಿಟ್ಟ ಆಟ ತಾನಾಗಿ ಬರುವುದಿಲ್ಲ. ಮೂರು ವರ್ಷದಿಂದ ಪ್ರತಿ ಭಾನುವಾರ ಸಂಜೆ ಆರಕ್ಕೆ ಫೋನ್ ಮಾಡುವವನು ನೀನು. ಯಾರೂ ನೆನಪಿಸದೆ, ಒಂದು ವಾರವೂ ತಪ್ಪದೆ. ಅದಕ್ಕೆ ಎಷ್ಟು ಅಂಕ ಹಾಕಿದ್ದೀಯ?

ಬುಧವಾರ ಸಂಜೆ ಬರುತ್ತೇನೆ, ಬೋರ್ಡ್ ನಾನೇ ತರುತ್ತೇನೆ. ಕಳೆದ ಸಲ ಆಟ ಅರ್ಧಕ್ಕೇ ನಿಂತಿತ್ತು. ಯಾವ ಕಾಯಿ ಎಲ್ಲಿತ್ತು ಅಂತ ನೀನು ಹೇಳು. ನೀನು ಹೇಳಿದ ಮನೆಯಲ್ಲೇ ಇಡುತ್ತೇನೆ.

ನಿನ್ನ ಗೆಳೆಯ