ಸ್ತನದ ಇಂಪ್ಲಾಂಟ್ ತೆಗೆಸಲು ಸರ್ಜನ್ ಹುಡುಕುತ್ತಿರುವ ಗೆಳತಿಗೆ

ಪ್ರೀತಿಯ ಸುಧಾ,

ಇಂಪ್ಲಾಂಟ್ ತೆಗೆಸಿಬಿಡುವುದೆಂದು ನೀನು ನಿರ್ಧಾರ ಮಾಡಿಯಾಗಿದೆ. ಹಾಕಿಸಿ ಹನ್ನೆರಡು ವರ್ಷವಾಯಿತು, ಎಡಗಡೆಯದು ಗಟ್ಟಿಯಾಗಿ ಮೇಲಕ್ಕೆ ಎಳೆದುಕೊಂಡಿದೆ, ಆ ಮಗ್ಗುಲಿಗೆ ಮಲಗಲು ಆಗುತ್ತಿಲ್ಲ ಅಂದೆ. ಯಾವ ಡಾಕ್ಟರ ಹತ್ತಿರ ಹೋಗಲಿ ಅಂತ ಕೇಳಿದೆ. ನಾನು ಒಂದು ಹೆಸರು ಕೊಡುವುದಿಲ್ಲ. ಎದುರಿಗೆ ಕೂತ ಸರ್ಜನ್ ಈ ಕೆಲಸ ಬಲ್ಲವರೋ ಅಲ್ಲವೋ ಅಂತ ನೀನೇ ಅಳೆಯುವುದು ಹೇಗೆ ಎಂದು ಬರೆಯುತ್ತೇನೆ. ಈ ಪ್ರಶ್ನೆಯನ್ನು ಯಾರಲ್ಲೂ ಕೇಳಲಾಗದೆ ಒಳಗೇ ಇಟ್ಟುಕೊಂಡ ಹೆಣ್ಣುಮಕ್ಕಳು ಇನ್ನೂ ಇದ್ದಾರೆ, ಅದಕ್ಕೇ ನೀನು ಒಪ್ಪಿದ ಮೇಲೆ ಹೆಸರು ಬದಲಿಸಿ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ.

ಹಾಕುವ ಕೆಲಸವೇ ಬೇರೆ, ತೆಗೆಯುವ ಕೆಲಸವೇ ಬೇರೆ. ಹಾಕುವಾಗ ಒಳಗಿನ ಪದರಗಳೆಲ್ಲ ಸಹಜವಾಗಿರುತ್ತವೆ, ಸಲೀಸಾಗಿ ಬಿಡಿಸಿಕೊಳ್ಳುತ್ತವೆ. ವರ್ಷಗಳಾದ ಮೇಲೆ ಇಂಪ್ಲಾಂಟಿನ ಸುತ್ತ ದೇಹ ತಾನೇ ಒಂದು ಕವಚ ಕಟ್ಟಿರುತ್ತದೆ. ಹೊರಗಿನ ವಸ್ತು ಯಾವುದು ಒಳಗೆ ಹೋದರೂ ದೇಹ ಹೀಗೇ ಮಾಡುತ್ತದೆ, ಅದೊಂದು ರೋಗವಲ್ಲ. ಬಹಳ ಜನರಲ್ಲಿ ಅದು ತೆಳ್ಳಗೆ, ಮೆತ್ತಗೆ ಇರುತ್ತದೆ. ಕೆಲವರಲ್ಲಿ ದಪ್ಪವಾಗಿ ಬಿಗಿಯುತ್ತದೆ, ಸುಣ್ಣ ಕಟ್ಟಿ ಗಟ್ಟಿಯಾಗುವುದೂ ಉಂಟು. ಈ ಬಿಗಿತವನ್ನು ಬೇಕರ್ ಗ್ರೇಡ್ 1ರಿಂದ 4ರವರೆಗೆ ಅಳೆಯುತ್ತಾರೆ. ಮೂರನೆಯದರಲ್ಲಿ ಆಕಾರ ಕೆಟ್ಟಿರುವುದು ಕಣ್ಣಿಗೇ ಕಾಣುತ್ತದೆ, ನಾಲ್ಕರಲ್ಲಿ ಅದರ ಜೊತೆಗೆ ನೋವು. ನೀನು ಹೇಳಿದ್ದು ನಾಲ್ಕನೆಯದರ ಹಾಗಿದೆ, ಆದರೆ ಕೈಯಿಂದ ಮುಟ್ಟಿ ಪರೀಕ್ಷಿಸದೆ ಗ್ರೇಡ್ ಹೇಳಲಾಗದು. ನಿನ್ನನ್ನು ಮುಟ್ಟಿ ನೋಡದೆ, ಫೋಟೋ ನೋಡಿಯೇ ಪ್ಯಾಕೇಜಿನ ದರ ಹೇಳುವವರನ್ನು ಅಲ್ಲಿಗೇ ಬಿಟ್ಟುಬಿಡು.

ಯಾರನ್ನೂ ಕಾಣುವ ಮೊದಲು ಹಳೆಯ ಕಾಗದ ಹುಡುಕು. ಇಂಪ್ಲಾಂಟ್ ಹಾಕಿದಾಗ ಕಂಪನಿಯ ಸ್ಟಿಕ್ಕರ್ ಇರುವ ಒಂದು ಕಾರ್ಡ್ ಕೊಟ್ಟಿರುತ್ತಾರೆ. ಅದರಲ್ಲಿ ಸೀರಿಯಲ್ ನಂಬರ್, ಲಾಟ್ ನಂಬರ್, ಎಷ್ಟು ಸಿಸಿ, ಮೇಲ್ಮೈ ನುಣುಪೋ ತರಿತರಿಯೋ ಎಲ್ಲ ಇರುತ್ತದೆ. ಜೊತೆಗೆ ಆಪರೇಷನ್ ನೋಟ್ಸ್ ಬೇಕು: ಇಂಪ್ಲಾಂಟ್ ಎದೆಯ ಸ್ನಾಯುವಿನ ಮೇಲಿದೆಯೋ ಕೆಳಗಿದೆಯೋ, ಸ್ನಾಯುವನ್ನು ಎಲ್ಲಿ ಬಿಡಿಸಿದ್ದರು, ಎಲ್ಲಿಂದ ಕೊಯ್ದಿದ್ದರು ಎಂಬುದು ತಿಳಿಯುವುದು ಅಲ್ಲೇ. ಡಿಸ್ಚಾರ್ಜ್ ಸಾರಾಂಶದಲ್ಲಿ ಇಷ್ಟು ವಿವರ ಇರುವುದು ಅಪರೂಪ. ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಲಿಖಿತ ಅರ್ಜಿ ಕೊಡು. ಒಳರೋಗಿಯ ದಾಖಲೆಯನ್ನು ಕನಿಷ್ಠ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ಮಂಡಳಿ ನಿಯಮಾವಳಿಯಲ್ಲಿದೆ. ಹನ್ನೆರಡು ವರ್ಷದ್ದು ಉಳಿದಿರಲೇಬೇಕೆಂದಿಲ್ಲ, ಆದರೂ ಕೇಳು, ಕೆಲವು ಆಸ್ಪತ್ರೆಗಳು ಬಹಳ ಕಾಲ ಇಟ್ಟಿರುತ್ತವೆ. ಸಿಗದಿದ್ದರೆ ಸ್ಕ್ಯಾನಿಂಗ್ ಸಾಕಷ್ಟು ಹೇಳುತ್ತದೆ. ಅಲ್ಟ್ರಾಸೌಂಡ್ ಮೊದಲು. ಒಡೆದಿದೆಯೋ ಇಲ್ಲವೋ ಖಚಿತವಾಗಬೇಕಾದರೆ ಎಂಆರ್‌ಐ. ಬರೀ ಸೀಳು ನೋಡುವುದಕ್ಕೆ ಕಾಂಟ್ರಾಸ್ಟ್ ಚುಚ್ಚುಮದ್ದು ಬೇಕಾಗಿಲ್ಲ, ಆದರೆ ಚೀಟಿಯಲ್ಲಿ ಸಿಲಿಕೋನ್ ಇಂಪ್ಲಾಂಟ್ ಎಂದು ಸ್ಪಷ್ಟವಾಗಿ ಬರೆಸು. ಅದಕ್ಕೆ ಬೇರೆಯದೇ ಸೆಟ್ಟಿಂಗ್‌ನಲ್ಲಿ ಚಿತ್ರ ತೆಗೆಯಬೇಕು. ಸಿಲಿಕೋನ್ ಜೆಲ್ ಒಳಗೊಳಗೇ ಒಡೆದಿದ್ದರೆ ಹೊರಗಡೆ ಏನೂ ಗೊತ್ತಾಗದೆ ಇರಬಹುದು. ಒಡೆದಿದೆ ಎಂದು ಮೊದಲೇ ತಿಳಿದಿದ್ದರೆ ಸರ್ಜನ್ ಕವಚ ಬಿಡಿಸುವ ರೀತಿಯೇ ಬೇರೆ.

ಈಗ ಅರ್ಹತೆಯ ವಿಷಯ. ಪ್ಲಾಸ್ಟಿಕ್ ಸರ್ಜನ್ ಅಂದರೆ ನಮ್ಮಲ್ಲಿ ಎಂಬಿಬಿಎಸ್ ಆದ ಮೇಲೆ ಸಾಮಾನ್ಯವಾಗಿ ಜನರಲ್ ಸರ್ಜರಿಯಲ್ಲಿ ಎಂಎಸ್ ಅಥವಾ ಡಿಎನ್‌ಬಿ, ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಮೂರು ವರ್ಷದ ಎಂ.ಸಿಎಚ್ ಅಥವಾ ಡಿಎನ್‌ಬಿ ಮಾಡಿದವರು. ಬೋರ್ಡಿನ ಮೇಲೆ "ಕಾಸ್ಮೆಟಿಕ್ ಸರ್ಜನ್" ಎಂದು ಬರೆದಿದ್ದರೆ ಈ ಓದು ಆಗಿದೆ ಎಂದರ್ಥವಲ್ಲ. ಚರ್ಮರೋಗದಲ್ಲಿ ಎಂಡಿ ಮಾಡಿದವರು ಅವರ ಕೆಲಸದಲ್ಲಿ ನಿಪುಣರಿರಬಹುದು, ಆದರೆ ಪಕ್ಕೆಲುಬಿನ ಮೇಲಿಂದ ಕವಚ ಬಿಡಿಸುವುದು ಅವರ ತರಬೇತಿಯಲ್ಲಿಲ್ಲ. ವಾರಗಳ ಲೆಕ್ಕದ ಫೆಲೋಶಿಪ್ ಸರ್ಟಿಫಿಕೇಟುಗಳನ್ನು ಗೋಡೆಯ ತುಂಬ ತೂಗುಹಾಕಿದ್ದರೂ ಅವು ಎಂ.ಸಿಎಚ್‌ಗೆ ಸಮವಲ್ಲ. ನೋಂದಣಿ ಸಂಖ್ಯೆ ಕೇಳು, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲೋ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರಿನಲ್ಲೋ ಅದನ್ನು ಹಾಕಿ ನೋಡು, ಪ್ಲಾಸ್ಟಿಕ್ ಸರ್ಜರಿ ಪದವಿ ದಾಖಲಾಗಿದೆಯೇ ಪರಿಶೀಲಿಸು. ಅಸೋಸಿಯೇಷನ್ ಆಫ್ ಪ್ಲಾಸ್ಟಿಕ್ ಸರ್ಜನ್ಸ್ ಆಫ್ ಇಂಡಿಯಾದ ಸದಸ್ಯರೋ ಎಂದೂ ನೋಡಬಹುದು. ನಿನ್ನ ಅಕ್ಕ ಅಮೆರಿಕದಲ್ಲೇ ಮಾಡಿಸೋಣ ಅನ್ನುತ್ತಿದ್ದರಲ್ಲ, ಅಲ್ಲಿ ನೋಡಬೇಕಾದ್ದು ಅಮೆರಿಕನ್ ಬೋರ್ಡ್ ಆಫ್ ಪ್ಲಾಸ್ಟಿಕ್ ಸರ್ಜರಿಯ ಪ್ರಮಾಣಪತ್ರ. ಹೆಸರಿನಲ್ಲಿ ಅದನ್ನೇ ಹೋಲುವ ಕಾಸ್ಮೆಟಿಕ್ ಸರ್ಜರಿ ಬೋರ್ಡ್ ಬೇರೆ. ಇಂಗ್ಲೆಂಡಿನಲ್ಲಾದರೆ ಅಲ್ಲಿಯ ಜನರಲ್ ಮೆಡಿಕಲ್ ಕೌನ್ಸಿಲ್‌ನ (ಜಿಎಂಸಿ) ಸ್ಪೆಷಲಿಸ್ಟ್ ರಿಜಿಸ್ಟರ್.

ಪದವಿ ಬಾಗಿಲು ದಾಟಿಸುತ್ತದೆ ಅಷ್ಟೇ. ನಿಜವಾದ ಪರೀಕ್ಷೆ ಕವಚದ ಪ್ರಶ್ನೆಯಲ್ಲಿದೆ. "ಕವಚವನ್ನು ಏನು ಮಾಡುತ್ತೀರಿ, ಯಾಕೆ?" ಎಂದು ಕೇಳು.

ಇಂಟರ್ನೆಟ್ಟಿನಲ್ಲಿ ನೀನು ಎನ್ ಬ್ಲಾಕ್ ಅನ್ನುವ ಮಾತನ್ನು ನೂರು ಕಡೆ ಓದಿರುತ್ತೀಯ. ಇಂಪ್ಲಾಂಟನ್ನೂ ಕವಚವನ್ನೂ ಒಡೆಯದೆ, ಸುತ್ತಲಿನ ಒಂದಿಷ್ಟು ಆರೋಗ್ಯವಾದ ಅಂಗಾಂಶದ ಸಮೇತ ಒಂದೇ ಗಂಟಾಗಿ ತೆಗೆಯುವುದು ಅದು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಿಂದ ಬಂದ ಮಾತು, ಕ್ಯಾನ್ಸರ್ ಇದ್ದಾಗ ಅಥವಾ ಬಲವಾದ ಅನುಮಾನ ಇದ್ದಾಗ ಬೇಕಾಗುವ ಕ್ರಮ. ಮಿಕ್ಕವರಿಗೆ ಮೂರು ದಾರಿ ಇವೆ: ಇಂಪ್ಲಾಂಟ್ ಮಾತ್ರ ತೆಗೆಯುವುದು, ಕವಚದ ಒಂದು ಭಾಗ ತೆಗೆಯುವುದು, ಕವಚ ಪೂರ್ತಿ ತೆಗೆಯುವುದು. ಕವಚ ತೆಳ್ಳಗಿದ್ದು ತೊಂದರೆ ಇಲ್ಲದಿದ್ದರೆ ಬಿಟ್ಟರೂ ನಡೆಯುತ್ತದೆ. ನಿನ್ನ ಹಾಗೆ ದಪ್ಪವಾಗಿ ಬಿಗಿದಿದ್ದರೆ, ಒಡೆದು ಜೆಲ್ ಹರಡಿದ್ದರೆ, ಸುಣ್ಣ ಕಟ್ಟಿದ್ದರೆ ತೆಗೆಯುವುದೇ ಸರಿ. ಅಂಥ ಕವಚವನ್ನು ಹಾಗೇ ಬಿಟ್ಟರೆ ಒಳಗೆ ನೀರು ತುಂಬುವುದು, ಗಂಟು ಕೈಗೆ ಸಿಗುವುದು, ಮುಂದೆ ಮ್ಯಾಮೊಗ್ರಾಂ ಓದುವವರಿಗೆ ಗೊಂದಲ ಆಗುವುದು ಉಂಟು.

ಇಂಪ್ಲಾಂಟ್ ಸ್ನಾಯುವಿನ ಕೆಳಗಿದ್ದರೆ ಕವಚದ ಹಿಂಭಾಗ ಪಕ್ಕೆಲುಬುಗಳಿಗೂ ಅವುಗಳ ನಡುವಿನ ತೆಳು ಸ್ನಾಯುಗಳಿಗೂ ಅಂಟಿಕೊಂಡಿರುತ್ತದೆ. ಅದರ ಆಚೆಗೆ ಶ್ವಾಸಕೋಶದ ಪೊರೆ. ಹಟ ಹಿಡಿದು ಕೆರೆದರೆ ಆ ಪೊರೆ ತೂತಾಗಿ ಎದೆಗೂಡಿನೊಳಗೆ ಗಾಳಿ ನುಗ್ಗುತ್ತದೆ, ಶ್ವಾಸಕೋಶ ಕುಗ್ಗುತ್ತದೆ. ಅದನ್ನು ನ್ಯುಮೋಥೊರಾಕ್ಸ್ ಅನ್ನುತ್ತಾರೆ. ರಕ್ತಸ್ರಾವವೂ ಹೆಚ್ಚು. ಆದ್ದರಿಂದ ಕೆಲಸ ಬಲ್ಲ ಸರ್ಜನ್ ಹೇಳುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಪೂರ್ತಿ ತೆಗೆಯಲು ಪ್ರಯತ್ನ ಮಾಡುತ್ತೇನೆ, ಪಕ್ಕೆಲುಬಿಗೆ ತೀರಾ ಅಂಟಿದ ಚೂರು ಇದ್ದರೆ ಅಷ್ಟನ್ನು ಬಿಟ್ಟು ಅದರ ಮೇಲ್ಮೈ ಸುಡುತ್ತೇನೆ, ಏನು ಬಿಟ್ಟೆ ಎಂದು ನೋಟ್ಸಿನಲ್ಲಿ ಬರೆಯುತ್ತೇನೆ." ಒಳಗೆ ತೆರೆದು ನೋಡುವ ಮೊದಲೇ "ನೂರಕ್ಕೆ ನೂರು ಎನ್ ಬ್ಲಾಕ್" ಎಂದು ಭರವಸೆ ಕೊಡುವವರಿಗಿಂತ ಈ ಉತ್ತರ ಕೊಡುವವರನ್ನು ನಾನು ನಂಬುತ್ತೇನೆ. ಕೊಯ್ತದ ಬಗ್ಗೆಯೂ ಕೇಳು. ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದರೆ ಕವಚ ಪೂರ್ತಿ ಕಣ್ಣಿಗೆ ಸಿಗುತ್ತದೆ. ಹಾಕುವಾಗಿನದಕ್ಕಿಂತ ಉದ್ದವಾದ ಗಾಯ ಬೇಕಾಗುತ್ತದೆ. ಕಂಕುಳಿನ ಹಳೆಯ ಗುರುತಿನಿಂದಲೇ ಎಲ್ಲ ತೆಗೆದುಕೊಡುತ್ತೇವೆ ಎಂದರೆ ಕವಚ ತೆಗೆಯುವ ಉದ್ದೇಶ ಅವರಿಗಿಲ್ಲ ಎಂದು ತಿಳಿ. ಹಿಂದೆ ಬಿಡಿಸಿದ್ದ ಎದೆಸ್ನಾಯುವನ್ನು ಮತ್ತೆ ಜಾಗಕ್ಕೆ ಹೊಲಿಯುತ್ತೀರಾ ಎಂದೂ ಕೇಳು. ಹೊಲಿಯದಿದ್ದರೆ ಕೈ ಒತ್ತಿದಾಗ ಎದೆ ಒಳಕ್ಕೆ ಎಳೆದುಕೊಂಡ ಹಾಗೆ ಕಾಣುವುದು ಮುಂದುವರಿಯಬಹುದು.

ತೆಗೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಕವಚವನ್ನು ಫಾರ್ಮಲಿನ್‌ನಲ್ಲಿ ಹಾಕಿ ಬಯಾಪ್ಸಿಗೆ ಕಳಿಸಬೇಕು, ಬಲ ಎಡ ಬೇರೆ ಬೇರೆ ಡಬ್ಬಿಯಲ್ಲಿ. ಇಂಪ್ಲಾಂಟಿನ ಸುತ್ತ ಬೆಳೆಯುವ ಒಂದು ಅಪರೂಪದ ಲಿಂಫೋಮಾ, ಅಂದರೆ ರೋಗನಿರೋಧಕ ಕೋಶಗಳ ಕ್ಯಾನ್ಸರ್, ಇದೆ, ಬಿಐಎ-ಎಎಲ್‌ಸಿಎಲ್ ಅಂತ. ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಸಂಸ್ಥೆ ಎಫ್‌ಡಿಎ 2011ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ತರಿತರಿ ಮೇಲ್ಮೈಯ ಇಂಪ್ಲಾಂಟುಗಳಲ್ಲಿ ಇದು ಹೆಚ್ಚು ಕಂಡಿದ್ದರಿಂದ 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಮಾದರಿಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ತೆಗೆದುಕೊಂಡಿತು. ನಿನ್ನ ಕಾರ್ಡಿನಲ್ಲಿ ಆ ಹೆಸರಿದ್ದರೆ ಗಾಬರಿಯಾಗಬೇಡ. ಲಕ್ಷಣ ಇಲ್ಲದವರು ಅದೊಂದೇ ಕಾರಣಕ್ಕೆ ತೆಗೆಸಬೇಕಿಲ್ಲ ಎಂದೇ ಎಫ್‌ಡಿಎ ಹೇಳಿದ್ದು. ಆದರೆ ಸರ್ಜನ್‌ಗೆ ಅದು ಮೊದಲೇ ಗೊತ್ತಿರಲೇಬೇಕು. 2022ರಲ್ಲಿ ಕವಚದಲ್ಲಿ ಬೇರೆ ಬಗೆಯ ಕ್ಯಾನ್ಸರುಗಳೂ ಅಪರೂಪಕ್ಕೆ ಕಂಡಿವೆ ಎಂಬ ಎಚ್ಚರಿಕೆ ಬಂತು. ಹಾಕಿಸಿ ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಊದಿಕೊಂಡರೆ ಆಪರೇಷನ್ನಿಗೆ ಮೊದಲೇ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಿಂದ ನೀರು ತೆಗೆದು ಸೈಟಾಲಜಿಗೂ (ಅದರೊಳಗಿನ ಕೋಶಗಳ ಪರೀಕ್ಷೆ) ಈ ಲಿಂಫೋಮಾದ ಗುರುತು ಹುಡುಕುವ ಸಿಡಿ30 ಪರೀಕ್ಷೆಗೂ ಕಳಿಸಬೇಕು. ಆ ನೀರನ್ನು ಚೆಲ್ಲಿ "ಏನಿಲ್ಲ, ಸೀರೋಮಾ, ಬರೀ ನೀರು ತುಂಬಿದೆ" ಎಂದು ಕಳಿಸುವವರ ಹತ್ತಿರ ಮತ್ತೆ ಹೋಗಬೇಡ. ರೋಗ ಖಚಿತವಾದರೆ ಪ್ಲಾಸ್ಟಿಕ್ ಸರ್ಜನ್ ಒಬ್ಬರೇ ಸಾಲದು, ಕ್ಯಾನ್ಸರ್ ತಜ್ಞರ ತಂಡ ಇರುವ ಆಸ್ಪತ್ರೆಯಲ್ಲೇ ಮುಂದಿನದು ಆಗಬೇಕು. ಹೊರತೆಗೆದ ಇಂಪ್ಲಾಂಟಿನ ಸೀರಿಯಲ್ ನಂಬರಿನ ಫೋಟೋ ತೆಗೆದು ಕೊಡಲು ಈಗಲೇ ಕೇಳಿಕೋ.

ಸುಸ್ತು, ಕೀಲುನೋವು, ಕೂದಲು ಉದುರುವುದು, ಮಂಕು ಕವಿದ ಹಾಗಾಗುವುದು ಎಲ್ಲ ಇಂಪ್ಲಾಂಟಿನಿಂದಲೇ ಎಂದು ನಿನಗನ್ನಿಸಿದೆ. ಹೌದಿರಬಹುದು. ತೆಗೆಸಿದ ಮೇಲೆ ಹಗುರವಾದವರು ತುಂಬ ಜನ ಇದ್ದಾರೆ, ಕವಚ ಪೂರ್ತಿ ತೆಗೆಸಿದವರಲ್ಲೂ ಭಾಗಶಃ ತೆಗೆಸಿದವರಲ್ಲೂ. ಆದರೆ ಇದೇ ಕಾರಣ ಎಂದು ತೋರಿಸುವ ರಕ್ತಪರೀಕ್ಷೆ ಇಲ್ಲ. ಆದ್ದರಿಂದ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಸಕ್ಕರೆ ನೋಡಿಸಿಕೋ. ಕೀಲು ಊದಿದ್ದರೆ ವಾತರೋಗ ತಜ್ಞರನ್ನೂ ಕಾಣು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ, ಥೈರಾಯ್ಡ್ ಎಷ್ಟು ಸಾಮಾನ್ಯ ಅಂತ ನಿನಗೆ ಹೇಳಬೇಕಿಲ್ಲ. ಎಲ್ಲ ಲಕ್ಷಣವೂ ಹೋಗುತ್ತದೆ ಎಂದು ಮಾತು ಕೊಡುವ ಸರ್ಜನ್ ಬೇಡ, ಎಲ್ಲ ನಿನ್ನ ತಲೆಯಲ್ಲಿದೆ ಎನ್ನುವವರೂ ಬೇಡ. ಡಿಟಾಕ್ಸ್ ಪ್ಯಾಕೇಜ್ ಮಾರುವವರಂತೂ ಬೇಡವೇ ಬೇಡ.

ತೆಗೆದ ಮೇಲೆ ಎದೆ ಹೇಗೆ ಕಾಣುತ್ತದೆ ಎಂಬುದನ್ನು ನಾಚಿಕೊಳ್ಳದೆ ಕೇಳು. ಹಿಗ್ಗಿದ ಚರ್ಮ ಸ್ವಲ್ಪ ಕುಗ್ಗುತ್ತದೆ, ಎಲ್ಲವೂ ಅಲ್ಲ. ಜೋತುಬಿದ್ದರೆ ಎತ್ತಿ ಕೂರಿಸುವ ಲಿಫ್ಟ್ ಬೇಕಾಗಬಹುದು. ಅದನ್ನು ಅದೇ ದಿನ ಮಾಡುವುದೋ, ಕೆಲವು ತಿಂಗಳು ಕಾದು ಮಾಡುವುದೋ ಎಂಬುದು ರಕ್ತಪೂರೈಕೆಯ ಲೆಕ್ಕ. ಕವಚ ತೆಗೆದಾಗ ಒಳಗಿನಿಂದ, ಲಿಫ್ಟ್ ಮಾಡಿದಾಗ ಹೊರಗಿನಿಂದ ರಕ್ತನಾಳಗಳು ಕತ್ತರಿಸುತ್ತವೆ. ಮೇಲಿನ ಅಂಗಾಂಶ ತೆಳ್ಳಗಿದ್ದವರಲ್ಲಿ, ಸಿಗರೇಟು ಅಥವಾ ಹೊಗೆಸೊಪ್ಪಿನ ಅಭ್ಯಾಸ ಇದ್ದವರಲ್ಲಿ ಮೊಲೆತೊಟ್ಟಿನ ಚರ್ಮ ಕಪ್ಪಾಗಿ ಸಾಯುವ ಅಪಾಯ ನಿಜ. ನಿಕೋಟಿನ್ ಯಾವ ರೂಪದಲ್ಲಿದ್ದರೂ ಆಪರೇಷನ್ನಿಗೆ ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಬಿಡಬೇಕು. ಸರ್ಜನ್ ಇದನ್ನು ತಾವಾಗಿಯೇ ಕೇಳದಿದ್ದರೆ ನನಗೆ ಅನುಮಾನ ಬರುತ್ತದೆ. ಫೋಟೋ ತೋರಿಸುವಾಗ ಇಂಪ್ಲಾಂಟ್ ಬದಲಿಸಿದವರದ್ದಲ್ಲ, ತೆಗೆಸಿ ಹಾಗೇ ಬಿಟ್ಟವರದ್ದು ಕೇಳು. ಕನಿಷ್ಠ ಆರು ತಿಂಗಳ ನಂತರದ್ದು, ಎದುರಿನಿಂದ, ಓರೆಯಾಗಿ, ಪಕ್ಕದಿಂದ. ಹೊಸ ಇಂಪ್ಲಾಂಟ್ ಹಾಕಿಸಿಕೊಳ್ಳಿ ಎಂದು ಪದೇ ಪದೇ ಒತ್ತಾಯಿಸಿದರೆ ಎದ್ದು ಬಾ. ನಿನ್ನ ಫೋಟೋ ತೆಗೆದರೆ ಅದು ಎಲ್ಲಿ ಹೋಗುತ್ತದೆ ಎಂಬುದಕ್ಕೆ ಪ್ರತ್ಯೇಕ ಒಪ್ಪಿಗೆಪತ್ರ ಇರಬೇಕು, ಪರೀಕ್ಷೆಯ ಹೊತ್ತಿಗೆ ಕೋಣೆಯಲ್ಲಿ ಒಬ್ಬ ಸಿಸ್ಟರ್ ಇರಬೇಕು.

ಜಾಗ ನೋಡು. ಕ್ಲಿನಿಕ್ಕಿನ ಹಿಂದಿನ ಪುಟ್ಟ ಓಟಿಯಲ್ಲಿ ಇದು ಬೇಡ. ಅರಿವಳಿಕೆ ತಜ್ಞರು ಉದ್ದಕ್ಕೂ ಇರಬೇಕು, ರಾತ್ರಿ ಎಕ್ಸ್‌ರೇ ತೆಗೆಯುವ, ರಕ್ತ ಕಟ್ಟಿಕೊಂಡರೆ ವಾಪಸು ಓಟಿಗೆ ಕರೆದೊಯ್ಯುವ, ಐಸಿಯು ಇರುವ ಆಸ್ಪತ್ರೆ ಬೇಕು. ರಾತ್ರಿ ಎರಡು ಗಂಟೆಗೆ ಒಂದು ಕಡೆ ಬಿಗಿದು ಊದಿದರೆ ಯಾರು ಬರುತ್ತಾರೆ ಎಂದು ಹೆಸರು ಹಿಡಿದು ಕೇಳು.

ದುಡ್ಡಿನ ವಿಷಯದಲ್ಲಿ ಅಂದಾಜನ್ನು ಬರಹದಲ್ಲಿ ತೆಗೆದುಕೋ: ಸರ್ಜನ್, ಅರಿವಳಿಕೆ, ಓಟಿ, ಕೋಣೆ, ಬಯಾಪ್ಸಿ, ಬಿಗಿ ಬ್ರಾ, ಜಿಎಸ್‌ಟಿ ಎಲ್ಲ ಬಿಡಿಬಿಡಿಯಾಗಿ. ಇನ್ಶೂರೆನ್ಸ್‌ನವರು ಕಾಸ್ಮೆಟಿಕ್ ಎಂದು ತಳ್ಳಿಹಾಕುವುದೇ ಹೆಚ್ಚು. ಆದರೆ ಪಾಲಿಸಿಯ ಆ ಷರತ್ತಿನಲ್ಲೇ ಒಂದು ವಿನಾಯಿತಿ ಇದೆ: ನೇರವಾದ, ತಕ್ಷಣದ ಆರೋಗ್ಯದ ಅಪಾಯ ನಿವಾರಿಸಲು ಬೇಕಾದ ಚಿಕಿತ್ಸೆ ಎಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ ಪರಿಗಣಿಸಬೇಕು. ಒಡೆದಿರುವುದು, ಗ್ರೇಡ್ 4, ಸೋಂಕು, ಇದ್ದದ್ದನ್ನು ಇದ್ದ ಹಾಗೆ ಚೀಟಿಯಲ್ಲಿ ಬರೆಸಿ, ಎಂಆರ್‌ಐ ವರದಿ ಲಗತ್ತಿಸಿ, ಆಪರೇಷನ್ನಿಗೆ ಮೊದಲೇ ಅನುಮತಿಗೆ ಹಾಕು.

ನೀನು ದಾವಣಗೆರೆಯಿಂದ ಬೆಂಗಳೂರಿಗೆ ಬಂದು ಮಾಡಿಸುವವಳು. ಕವಚ ತೆಗೆದರೆ ಒಳಗೆ ಸೇರುವ ನೀರು ಹೊರಗೆ ಹರಿಯಲು ಎರಡೂ ಕಡೆ ಡ್ರೈನ್ ಪೈಪ್ ಇಡುವುದು ವಾಡಿಕೆ. ದಿನಕ್ಕೆ ಸುಮಾರು 30 ಮಿ.ಲೀ.ಗಿಂತ ಕಡಿಮೆ ಬರಲು ಶುರುವಾದ ಮೇಲೆ ತೆಗೆಯುತ್ತಾರೆ, ಕೆಲವರಿಗೆ ಮೂರೇ ದಿನ, ಕೆಲವರಿಗೆ ವಾರ ದಾಟುತ್ತದೆ. ಬೇಗ ಕಿತ್ತರೆ ನೀರು ತುಂಬುತ್ತದೆ, ತೀರಾ ತಡವಾದರೆ ಪೈಪಿನ ದಾರಿಯಲ್ಲಿ ಸೋಂಕು. ಅದು ಹೊರಬರುವ ತನಕ ಬೆಂಗಳೂರಿನಲ್ಲೇ ಇರು, ನಮ್ಮ ಮನೆಯಲ್ಲೇ. ಬಿಗಿ ಬ್ರಾ ನಾಲ್ಕರಿಂದ ಆರು ವಾರ. ಕೊಡಪಾನ, ಗ್ಯಾಸ್ ಸಿಲಿಂಡರ್, ಮಗುವನ್ನು ಎತ್ತುವುದು ಸರ್ಜನ್ ಹೂಂ ಅನ್ನುವ ತನಕ ಇಲ್ಲ. ಜ್ವರ, ಒಂದೇ ಕಡೆ ಹೆಚ್ಚುತ್ತಿರುವ ಊತ, ಉಸಿರಾಟದ ತೊಂದರೆ, ಮೀನಖಂಡದ ನೋವು ಬಂದರೆ ಬೆಳಗಿನ ತನಕ ಕಾಯಬೇಡ. ಊರಿಗೆ ಹೋದ ಮೇಲೆ ಗಾಯ ನೋಡಲು ಅಲ್ಲಿಯ ಒಬ್ಬ ಸರ್ಜನ್‌ಗೆ ಇವರಿಂದ ಪತ್ರ ಬರೆಸಿಕೋ. ಆಸ್ಪಿರಿನ್, ಮೀನೆಣ್ಣೆ, ವಿಟಮಿನ್ ಇ, ಆಯುರ್ವೇದದ ಪುಡಿ ಲೇಹ್ಯ ಏನು ತೆಗೆದುಕೊಳ್ಳುತ್ತಿದ್ದರೂ ಪಟ್ಟಿ ಮಾಡಿ ಕೊಡು, ಕೆಲವು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ.

ಇಬ್ಬರನ್ನಾದರೂ ಕಾಣು, ಒಂದೇ ವಾರದಲ್ಲಿ, ಒಂದೇ ಪ್ರಶ್ನೆಗಳನ್ನು ಕೇಳು. ಇವತ್ತೇ ಬುಕ್ ಮಾಡಿದರೆ ರಿಯಾಯಿತಿ ಎಂದರೆ ಮುಂಗಡ ಕೊಡಬೇಡ. ಮೊದಲ ಭೇಟಿಗೆ ಕಾರ್ಡ್, ಹಳೆಯ ನೋಟ್ಸ್, ಸ್ಕ್ಯಾನಿಂಗ್ ಸಿಡಿ, ಮಾತ್ರೆಗಳ ಪಟ್ಟಿ ಹಿಡಿದು ಹೋಗು. ಶನಿವಾರದ ಭೇಟಿಯಾದರೆ ನಾನೂ ಬರುತ್ತೇನೆ, ನೀನು ಕೇಳು, ಉತ್ತರಗಳನ್ನು ನಾನು ಬರೆದುಕೊಳ್ಳುತ್ತೇನೆ.

ನಿನ್ನ,
ವೀಣಾ